ಗಾಳವೂ ಬಲೆಯೂ: ಫ್ಲಾರಿಡಾ ಕರಾವಳಿಯ ಮತ್ಸ್ಯವಿನೋದ

೧

ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಭೂಲೋಕಮಲ್ಲ ಮೂರನೆಯ ಸೋಮೇಶ್ವರನು (ಕ್ರಿ. ಶ. ೧೧೨೬–೧೧೩೮) ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವು ಐದು ವಿಂಶತಿಗಳಲ್ಲಿ, ಒಟ್ಟು ನೂರು ಅಧ್ಯಾಯಗಳಲ್ಲಿ ಹರಡಿಕೊಂಡಿದೆ. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಅದರ ಇನ್ನೊಂದು ಹೆಸರು. ಅರಸನಾದವನು ರಾಜ್ಯವನ್ನು ಪಡೆಯುವ ಬಗೆ, ಪಡೆದುದನ್ನು ಸ್ಥಿರಗೊಳಿಸುವ ಬಗೆ, ಆತನ ಉಪಭೋಗಗಳು, ವಿನೋದಗಳು, ಕ್ರೀಡೆಗಳು ಎಂಬಿವು ಕ್ರಮವಾಗಿ ಆ ಐದು ವಿಂಶತಿಗಳ ವಿಷಯ. ಇವುಗಳಲ್ಲಿ ನಾಲ್ಕನೆಯದಾದ ವಿನೋದವಿಂಶತಿಯಲ್ಲಿ ಆನೆ ಕುದುರೆಗಳ ಪಂದ್ಯ, ಮಲ್ಲಯುದ್ಧ, ಗೀತ, ನೃತ್ಯ ಮೊದಲಾದವುಗಳ ಸಾಲಿನಲ್ಲಿಯೇ ‘ಮತ್ಸ್ಯವಿನೋದ’ವೆಂಬ ಅಧ್ಯಾಯವೊಂದಿದೆ. ಕಡಲ ಮೀನುಗಳಾವುವು, ಸಿಹಿನೀರಿನ ಮೀನುಗಳಾವುವು, ಹುರುಪೆಯುಳ್ಳವು ಯಾವುವು, ಬರಿಯ ತೊಗಲುಮೈಯವು ಯಾವುವು ಎಂದು ವಿಂಗಡಿಸಿ, ಸುಮಾರು ಮೂವತ್ತೈದು ಬಗೆಯ ಮೀನುಗಳನ್ನು ಹೆಸರಿಸಿ, ಅವುಗಳನ್ನು ಮೇವಿನಿಂದ ಒಲಿಸಿ ಒಂದೆಡೆಗೆ ಬರಿಸುವ ಬಗೆಯನ್ನೂ ಗಾಳದ ಕೋಲು, ದಾರ, ಕೊಕ್ಕೆಗಳ ವಿಷಯವನ್ನೂ ಅರಸನು ಅಲ್ಲಿ ವಿವರಿಸಿದ್ದಾನೆ. ಕಡಲಿನಿಂದ ದೂರದ ಕಲ್ಯಾಣದಲ್ಲಿದ್ದವನಿಗೆ ಕಡಲ ಮೀನುಗಳ ಪರಿಚಯವಿದ್ದುದರಲ್ಲಿ ಸೋಜಿಗವೇನೂ ಇಲ್ಲ. ಪಡುಗಡಲ ತಡಿಯನ್ನಾಳುತ್ತಿದ್ದ ಗೋವೆಯ ಕದಂಬರು ಆ ಚಕ್ರವರ್ತಿಗಳ ಮಾಂಡಲಿಕರಾಗಿದ್ದರಷ್ಟೆ.

ಇಲ್ಲಿ ಗಮನಿಸತಕ್ಕದ್ದು ‘ವಿನೋದ’ವೆಂಬ ಶಬ್ದವನ್ನು. ಮೀನು ಹಿಡಿಯುವುದು ಬೆಸ್ತನಿಗೆ ವೃತ್ತಿ, ಅರಸನಿಗೆ ವಿನೋದ. ಕ್ರಿಯೆ ಒಂದೇ ಆದರೂ ಅದರ ಪ್ರಯೋಜನ ಬೇರೆ. ಇನ್ನು ಮೂರನೆಯದೊಂದುಂಟು. ಮನುವು ಕಾಮದಿಂದ ಹುಟ್ಟುವ ಹತ್ತು ವ್ಯಸನಗಳನ್ನು ಎಣಿಸುವಾಗ ಮೊದಲಿಗೆ ಹೇಳುವುದು ಮೃಗಯೆಯನ್ನು, ಎಂದರೆ ಬೇಟೆಯನ್ನು. ಹಾಗಾದರೆ ಒಂದೇ ಬೇಟೆಯು ಒಂದು ಗ್ರಂಥದಲ್ಲಿ ವಿನೋದವೂ ಇನ್ನೊಂದರಲ್ಲಿ ವ್ಯಸನವೂ ಆದುದು ಹೇಗೆ? ಈ ಚರ್ಚೆ ಹಳೆಯದು. ಕಾಳಿದಾಸನ ಶಾಕುಂತಲದ ಎರಡನೆಯ ಅಂಕದಲ್ಲಿ ಸೇನಾಪತಿಯು ಬೇಟೆಯನ್ನು ವಿನೋದವೆಂದು ಹೊಗಳುತ್ತಾನೆ. ಅದರಿಂದ ಬೇಸತ್ತ ವಿದೂಷಕನು ಅವನನ್ನು ಹಳಿಯುತ್ತಾನೆ. ಅದೇ ನಾಟಕದ ಆರನೆಯ ಅಂಕದ ಆರಂಭದಲ್ಲಿ, ಮೀನಿನ ಹೊಟ್ಟೆಯಲ್ಲಿ ಉಂಗುರವನ್ನು ಕಂಡ ಬೆಸ್ತನು ಕಾವಲುಗಾರರ ಕೈಗೆ ಸಿಕ್ಕಿ, ತನ್ನ ಕಸುಬನ್ನು ಗೇಲಿಮಾಡುವ ಅವರಿಗೆ ಕುಲಕ್ರಮದಿಂದ ಬಂದ ಕೆಲಸವನ್ನು ಬಿಡಲಾಗದೆಂದು ಎದೆಗುಂದದೆ ಉತ್ತರಕೊಡುತ್ತಾನೆ. ವೃತ್ತಿ, ವಿನೋದ, ವ್ಯಸನ ಈ ಮೂರರ ವಾದವೂ ಒಂದೇ ನಾಟಕದಲ್ಲಿ ಅಡಕವಾಗಿದೆ.

ಗಾಳದ ವಿನೋದವು ಹತ್ತೊಂಬತ್ತನೆಯ ಶತಮಾನದಲ್ಲಿ ಆಂಗ್ಲರೊಡನೆ ಲೋಕದ ನಾನಾ ದಿಕ್ಕುಗಳಿಗೆ ಹರಡಿತು. ಅವರ ದೊಡ್ಡಮನುಷ್ಯರಿಗೆ ಗಾಳದ ಕೋಲು ಬಿಡುವಿನ ಸಂಗಾತಿ. ಆ ಕಾಲದ ಒಂದು ಪ್ರಸಿದ್ಧ ಗ್ರಂಥವು ಕನ್ನಡ ಕರಾವಳಿಯಲ್ಲಿಯೇ ಹುಟ್ಟಿತೆಂಬುದು ಹಲವರಿಗೆ ತಿಳಿಯದು. ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸನು ಭಾರತದಲ್ಲಿ ಗಾಳ ಹಾಕುವ ವಿಷಯವಾಗಿ ಬರೆದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕವು ೧೮೭೩ರಲ್ಲಿ ಮಂಗಳೂರಿನಲ್ಲಿ ಮುದ್ರಣವಾಯಿತು. ಅದಕ್ಕೆ ಮೊದಲೇ, ೧೮೭೦ರಲ್ಲಿ, ಅವನು ಆ ಜಿಲ್ಲೆಯ ಮತ್ಸ್ಯಸಂವರ್ಧನೆಯನ್ನು ಕುರಿತು ವರದಿಯೊಂದನ್ನು ಪ್ರಕಟಿಸಿದ್ದನು. ಸಣ್ಣಕಣ್ಣಿನ ಬಲೆಗಳಿಂದ ಮರಿಮೀನುಗಳು ನಾಶವಾಗುತ್ತವೆ, ಹೊಳೆಗೆ ವಿಷ ಬೆರೆಸುವುದರಿಂದ ಸಂತತಿಯೇ ಅಳಿಯುತ್ತದೆ ಎಂಬ ಚಿಂತೆ ಅವನದು. ಚಿಂತೆ ಯುಕ್ತವಾದುದೇ. ಆದರೆ ಗಾಳ ಹಿಡಿದವನು ಬಲೆ ಹಿಡಿದವನ ಬಲೆಯ ಕಣ್ಣನ್ನು ಅಳೆಯಹೊರಟದ್ದನ್ನು ಇಲ್ಲಿ ನೆನಪಿನಲ್ಲಿಡಬೇಕು. ಈ ಬೀಜವು ಹೆಮ್ಮರವಾಗಿ ಬೆಳೆದುದನ್ನು ನೋಡಬೇಕಾದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳ ತೆಂಕಣ ತುದಿಯಾದ ಫ್ಲಾರಿಡಾಕ್ಕೆ ಹೋಗಬೇಕು. ಉಪ್ಪುನೀರಿನ ಮತ್ಸ್ಯವಿನೋದಕ್ಕೆ ಅಷ್ಟು ಪ್ರಸಿದ್ಧವಾದ ಬಿಸಿಲುಕರಾವಳಿ ಬೇರೊಂದು ಸಿಕ್ಕುವುದು ಕಷ್ಟ.

೨

ಫ್ಲಾರಿಡಾವು ಪರ್ಯಾಯದ್ವೀಪ. ಮೂಡಲಿಗೆ ಅಟ್ಲಾಂಟಿಕ್ ಸಾಗರ, ಪಡುವಲಿಗೆ ಮೆಕ್ಸಿಕೋ ಕೊಲ್ಲಿ. ತೆಂಕಲಲ್ಲಿ ಬಿಲ್ಲಿನಂತೆ ಬಾಗಿದ ಸಣ್ಣ ದ್ವೀಪಗಳ ಸಾಲು. ಅದರಾಚೆ ಬೆಚ್ಚನೆಯ ನೀರಿನ ಮಹಾಪ್ರವಾಹವೊಂದು ಕಡಲಿನೊಳಗೇ ಹೊಳೆಯಂತೆ ಹರಿಯುತ್ತದೆ. ಪಡುವಣ ಕರೆಯಲ್ಲಿ ಅಳಿವೆಗಳೂ ಹಿನ್ನೀರುಗಳೂ ಬೇರುಗಳನ್ನು ನೀರಿಗಿಳಿಬಿಟ್ಟ ಕಾಂಡ್ಲಾಗಿಡಗಳ ಕಾಡುಗಳೂ ತುಂಬಿವೆ. ಕುಂದಾಪುರದ ಐದು ಹೊಳೆಗಳ ಸಂಗಮವನ್ನೋ ಅಘನಾಶಿನಿಯ ಅಳಿವೆಯನ್ನೋ ಕಂಡವರಿಗೆ ಆ ನೋಟವು ತೀರ ಅಪರಿಚಿತವೆನಿಸಲಾರದು. ಮರಿಮೀನುಗಳಿಗೆ ಇಂಥ ನೀರೇ ತೊಟ್ಟಿಲು.

ಈ ಕರೆಯಲ್ಲಿ ವಿನೋದಕ್ಕಿಂತ ಎಷ್ಟೋ ಮೊದಲೇ ವೃತ್ತಿಯು ನೆಲೆಗೊಂಡಿತ್ತು. ಐರೋಪ್ಯರು ಬರುವುದಕ್ಕೆ ಮುಂಚೆ ಇಲ್ಲಿ ಬಾಳಿದ ಕಲೂಸಾ ಜನರು ಬೇಸಾಯವನ್ನು ಅವಲಂಬಿಸದೆ ಬಹುಮಟ್ಟಿಗೆ ಮೀನು, ಚಿಪ್ಪುಗಳಿಂದಲೇ ಜೀವಿಸಿ ಪ್ರಬಲವಾದ ರಾಜ್ಯವನ್ನೇ ಕಟ್ಟಿದ್ದರು. ಅವರು ತಿಂದು ಬಿಸುಟ ಚಿಪ್ಪುಗಳ ದಿಬ್ಬಗಳು ಇಂದಿಗೂ ಅಲ್ಲಲ್ಲಿ ನಿಂತಿವೆ. ೧೮೯೬ರಲ್ಲಿ ಫ್ರಾಂಕ್ ಹ್ಯಾಮಿಲ್ಟನ್ ಕುಷಿಂಗ್ ಎಂಬ ಪುರಾತತ್ತ್ವಜ್ಞನು ಮಾರ್ಕೋ ಎಂಬ ದ್ವೀಪದ ಕೆಸರನ್ನು ಅಗೆಯಿಸಿದಾಗ ನಾರಿನ ಬಲೆಗಳ ತುಂಡುಗಳೂ ಬಲೆಯನ್ನು ತೇಲಿಸುವ ಮರದ ಬೆಂಡುಗಳೂ ದೊರೆತುವು. ಕಲೂಸಾ ಜನರು ಅಳಿದ ಬಳಿಕ ಕ್ಯೂಬಾ ದ್ವೀಪದ ಸ್ಪಾನಿಷ್ ಬೆಸ್ತರು ಚಳಿಗಾಲದಲ್ಲಿ ಇಲ್ಲಿಗೆ ಬಂದು ಬಿಡಾರಹೂಡಿ, ಮಲೆಟ್ ಎಂಬ ಮೀನನ್ನು ರಾಶಿರಾಶಿಯಾಗಿ ಹಿಡಿದು, ಉಪ್ಪಿಕ್ಕಿ ಒಣಗಿಸಿ ಹವಾನಾ ಪೇಟೆಗೆ ಸಾಗಿಸುತ್ತಿದ್ದರು. ೧೮೮೦ರ ದಶಕದಲ್ಲಿ ಉತ್ತರ ಕೆರೋಲಿನಾದ ಕಡಲತಡಿಯಿಂದ ಕೆಲವು ಬೆಸ್ತರ ಮನೆತನಗಳು ಬಂದು ಸಾರಸೋಟಾ ಕೊಲ್ಲಿಯ ದಂಡೆಯಲ್ಲಿ ನೆಲಸಿದುವು. ಕಾರ್ಟೆಜ್ ಎಂಬ ಆ ಹಳ್ಳಿಯ ಹೆಸರು ಈ ಕಥೆಯ ಕೊನೆಯಲ್ಲಿ ಮತ್ತೆ ಬರುವುದು.

೩

ಇವರಾರೂ ಗಾಳದಿಂದ ಹಿಡಿಯಲು ಬಯಸದ ಮೀನೊಂದು ಈ ಅಳಿವೆಗಳಲ್ಲಿದ್ದಿತು. ಅದರ ಹೆಸರು ಟಾರ್ಪನ್. ಏಳೆಂಟು ಅಡಿ ಉದ್ದದವರೆಗೂ ಬೆಳೆಯುವ ಈ ಮೀನಿನ ಮೈಮೇಲೆ ಅಂಗೈಯಷ್ಟಗಲದ ಬೆಳ್ಳಿಯ ಬಣ್ಣದ ಹುರುಪೆಗಳು. ಆದುದರಿಂದಲೇ ಅಲ್ಲಿಯವರು ಇದನ್ನು ಬೆಳ್ಳಿಯ ದೊರೆ ಎಂದು ಕರೆಯುತ್ತಾರೆ. ನೀರಿನ ಮೇಲಕ್ಕೆ ಬಂದು ಬಾಯಿಂದ ಗಾಳಿಯನ್ನು ನುಂಗಿ ಉಸಿರಾಡುವ ಶಕ್ತಿಯೂ ಇದಕ್ಕುಂಟಾದ್ದರಿಂದ ಕೊಳೆತ ಕೆಸರುನೀರಿನಲ್ಲಿಯೂ ಇದರ ಮರಿಗಳು ಬದುಕುತ್ತವೆ. ಐವತ್ತು ವರ್ಷಗಳಿಗೂ ಮೀರಿ ಬಾಳಬಲ್ಲ ಮೀನಿದು. ಇದರ ಕಿರಿಯ ಜ್ಞಾತಿಯೊಂದು ಭಾರತದ ಕರಾವಳಿಯ ಅಳಿವೆಗಳಲ್ಲಿಯೂ ಇದೆ. ಗಾಳ ಕಚ್ಚಿದೊಡನೆ ಟಾರ್ಪನ್ ಮೀನು ತನ್ನ ಇಡಿಯ ಮೈಯನ್ನು ನೀರಿನಿಂದ ಮೇಲಕ್ಕೆಸೆದು, ತಲೆಯನ್ನು ಒದರಿ, ಕೊಕ್ಕೆಯನ್ನು ಉಗುಳಿಬಿಡುತ್ತದೆ. ಇಲ್ಲವೆ ದಾರವನ್ನು ಹರಿದೊಗೆಯುತ್ತದೆ. ಮಾಂಸವು ಮುಳ್ಳುಮಯವಾದ್ದರಿಂದ ಅದನ್ನು ಅಲ್ಲಿ ತಿನ್ನುವವರು ಕಡಮೆ. ಹೀಗಾಗಿ ಬೆಸ್ತರಿಗೆ ಅದು ಬೇಡದ ಮೀನು. ಬಲೆಗೆ ಬಿದ್ದರೆ ಬಲೆಯೇ ಹಾಳು. ಸಾಹಸಿಗಳು ಅದನ್ನು ಹಗ್ಗ ಕಟ್ಟಿದ ಈಟಿಯಿಂದ ತಿವಿದು ಕೊಲ್ಲುತ್ತಿದ್ದರೇ ಹೊರತು, ಕೋಲಿಗೆ ರಾಟೆ ಹೂಡಿ ದಾರದಿಂದ ಹಿಡಿಯುವುದು ಆಗದ ಮಾತೆಂದೇ ಹೆಚ್ಚಿನವರ ನಂಬಿಕೆಯಾಗಿತ್ತು.

೧೮೮೫ರ ಮಾರ್ಚ್ ತಿಂಗಳಲ್ಲಿ ನ್ಯೂಯಾರ್ಕಿನ ಡಬ್ಲ್ಯು. ಎಚ್. ವುಡ್ ಎಂಬವರು ಸ್ಯಾನಿಬೆಲ್ ದ್ವೀಪದ ಬಳಿ ೯೩ ಪೌಂಡು ತೂಕದ ಟಾರ್ಪನ್ ಮೀನನ್ನು ಕೋಲು ರಾಟೆಗಳಿಂದಲೇ ಹಿಡಿದರು. ಬೇಟೆಗಾರರ ಪತ್ರಿಕೆಗಳಲ್ಲಿ ಈ ಸುದ್ದಿ ಪ್ರಕಟವಾಯಿತು. ಅದಕ್ಕೂ ಮೊದಲೇ ತಾವು ಹಿಡಿದಿದ್ದೆವೆಂದು ಬೇರೆಯವರು ಹೇಳಿಕೊಂಡದ್ದೂ ಉಂಟು. ಆದರೆ ಲೋಕವು ಕಡಲ ಮಹಾಮೀನುಗಳ ಗಾಳದ ಬೇಟೆಗೆ ಆದಿಯೆಂದು ಸಾಮಾನ್ಯವಾಗಿ ಎಣಿಸುವುದು ವುಡ್ಡರ ಮೀನನ್ನೇ. ಸ್ಯಾನಿಬೆಲ್ಲಿಗೆ ಎದುರಾದ ಪುಂಟಾ ರಾಸಾ ಎಂಬ ರೇವು ಅದುವರೆಗೆ ಕ್ಯೂಬಾಕ್ಕೆ ದನಗಳನ್ನು ಹಡಗಿಗೇರಿಸುವ ಸ್ಥಳವೂ ಸಮುದ್ರದಡಿಯ ತಂತಿಯ ಠಾಣೆಯೂ ಆಗಿದ್ದಿತು. ತಂತಿಯ ಅಧಿಕಾರಿಯು ನಡೆಯಿಸುತ್ತಿದ್ದ ಒರಟು ತಂಗುಮನೆಯಲ್ಲಿ ಈಗ ಲಕ್ಷಾಧೀಶರು ಬಂದಿಳಿದರು. ಬಾರನ್ ಕಾಲಿಯರ್ ಎಂಬ ಧನಿಕನು ೧೯೧೧ರಲ್ಲಿ ಯುಸೆಪ್ಪಾ ಎಂಬ ದ್ವೀಪವನ್ನೇ ಕೊಂಡು ಮರುವರ್ಷ ಅಲ್ಲಿ ಗಾಳಗಾರರ ಸಂಘವೊಂದನ್ನು ಸ್ಥಾಪಿಸಿದನು. ನಿನ್ನೆಯವರೆಗೆ ಬಲೆ ಎಳೆಯುತ್ತಿದ್ದ ಬೆಸ್ತರಲ್ಲಿ ಎಷ್ಟೋ ಮಂದಿ ಈ ಅತಿಥಿಗಳ ದೋಣಿಗಳಿಗೆ ಹುಟ್ಟುಹಾಕುವವರೂ ದಾರಿತೋರುವವರೂ ಆದರು. ಮೀನು ಇರುವ ಜಾಗ, ಉಬ್ಬರ ಇಳಿತದ ಹೊತ್ತು, ಚಂದ್ರನ ಕಲೆ ಇವುಗಳನ್ನೆಲ್ಲ ಬಲ್ಲವನು ಬೆಸ್ತನೇ. ಛಾಯಾಚಿತ್ರದಲ್ಲಿ ಮೀನಿನ ಪಕ್ಕದಲ್ಲಿ ನಿಂತವನು ಅತಿಥಿ.

ಹಿಡಿದ ಮೀನಿನ ಹುರುಪೆಯೊಂದನ್ನು ಕಿತ್ತು ಅದರ ಮೇಲೆ ತೂಕ, ತೇದಿ, ಹಿಡಿದವರ ಹೆಸರುಗಳನ್ನು ಬರೆದು ಗೋಡೆಗೆ ಮೊಳೆಹೊಡೆಯುವ ಪದ್ಧತಿಯೂ ಬೆಳೆಯಿತು. ಕೊಲ್ಲಿಯ ಆಚೆಯ ದಡದಲ್ಲಿ, ಟೆಕ್ಸಸ್ ಸಂಸ್ಥಾನದ ಪೋರ್ಟ್ ಅರಾನ್ಸಸ್ ಎಂಬ ಊರಿನ ಟಾರ್ಪನ್ ತಂಗುಮನೆಯ ಗೋಡೆಗಳು ಇಂಥ ಸಾವಿರಾರು ಹುರುಪೆಗಳಿಂದ ತುಂಬಿವೆ. ಅವುಗಳಲ್ಲಿ ೧೯೩೭ರಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರು ಸಹಿ ಮಾಡಿದುದೂ ಒಂದು. ಅರಸರು ದಾನದತ್ತಿಗಳನ್ನು ತಾಮ್ರಪಟಗಳಲ್ಲಿ ಬರೆಯಿಸಿದಂತೆ, ಈ ವಿನೋದಿಗಳು ತಮ್ಮ ಬೇಟೆಯನ್ನು ಮತ್ಸ್ಯಪಟಗಳಲ್ಲಿ ಬರೆದಿಟ್ಟರು.

೪

ಬಡವನು ಮೀನನ್ನು ಹಿಡಿಯುವಾಗ ಸಾಧನವು ಎಷ್ಟು ಸುಲಭವಾದರೆ ಅಷ್ಟು ಮೇಲು. ವಿನೋದಿಗೆ ಹಾಗಲ್ಲ. ಸಾಧನವು ಸುಲಭವಾದಷ್ಟೂ ವಿನೋದವು ಕುಂದುತ್ತದೆ. ಆದುದರಿಂದ ತನ್ನ ಕೈಯನ್ನು ತಾನೇ ಕಟ್ಟಿಕೊಳ್ಳುವ ನಿಯಮಗಳು ಇಲ್ಲಿ ಅವಶ್ಯವಾದುವು. ಈ ನಿಯಮಗಳನ್ನು ಮೊದಲು ಕ್ರಮಗೊಳಿಸಿದವರಲ್ಲಿ ಚಾರ್ಲ್ಸ್ ಫ್ರೆಡರಿಕ್ ಹೋಲ್ಡರರು ಮುಖ್ಯರು. ಇವರು ಬಾಲ್ಯದಲ್ಲಿ ಫ್ಲಾರಿಡಾದ ತುತ್ತತುದಿಯ ಟಾರ್ಟೂಗಾಸ್ ದ್ವೀಪಗಳಲ್ಲಿ ಬೆಳೆದವರು. ಇವರ ತಂದೆ ಅಲ್ಲಿಯ ಕೋಟೆಯಲ್ಲಿ ವೈದ್ಯರು. ಮುಂದೆ ಇವರು ಕ್ಯಾಲಿಫೋರ್ನಿಯಾದಲ್ಲಿ ನೆಲಸಿದಾಗ, ಅಲ್ಲಿಯ ಕೆಟಲಿನಾ ದ್ವೀಪದ ದಂಡೆಯಲ್ಲಿ ಜನರು ಕೈದಾರಗಳಿಂದ ದೊಡ್ಡ ಮೀನುಗಳನ್ನು ಲೆಕ್ಕವಿಲ್ಲದಂತೆ ಎಳೆದುಹಾಕಿ ವ್ಯರ್ಥವಾಗಿ ಬಿಸುಡುವುದನ್ನು ಕಂಡು ಕಳವಳಗೊಂಡರು. ೧೮೯೮ರಲ್ಲಿ ೧೮೩ ಪೌಂಡಿನ ಟ್ಯೂನಾ ಮೀನೊಂದನ್ನು ಕೋಲಿನಿಂದ ಹಿಡಿದ ಬಳಿಕ ಅದೇ ವರ್ಷ ಟ್ಯೂನಾ ಸಂಘವನ್ನು ಸ್ಥಾಪಿಸಿದರು. ದಾರವು ಇಷ್ಟೇ ದಪ್ಪವಿರಬೇಕು, ಇನ್ನೊಬ್ಬರ ನೆರವಿಲ್ಲದೆ ಹಿಡಿದವನೇ ಮೀನನ್ನು ದೋಣಿಯವರೆಗೆ ತರಬೇಕು ಎಂಬಿವು ಆ ಸಂಘದ ಕಟ್ಟಳೆಗಳು. ಮೀನಿಗೂ ಗೆಲ್ಲುವ ಅವಕಾಶವಿರಬೇಕೆಂಬುದು ಇದರ ತಾತ್ಪರ್ಯ. ಫ್ಲಾರಿಡಾದ ಲಾಂಗ್ ಕೀ ದ್ವೀಪದಲ್ಲಿ ಕಾದಂಬರಿಕಾರ ಜೇನ್ ಗ್ರೇ ಅವರ ಅಧ್ಯಕ್ಷತೆಯಲ್ಲಿ ನಡೆದ ಸಂಘವೂ ಇದೇ ಧೋರಣೆಯದು. ೧೯೩೫ರ ಭೀಕರ ಚಂಡಮಾರುತದಲ್ಲಿ ಆ ಬಿಡಾರವು ಕೊಚ್ಚಿಹೋಯಿತು. ೧೯೩೯ರಲ್ಲಿ ನ್ಯೂಯಾರ್ಕಿನ ಪ್ರಾಣಿಶಾಸ್ತ್ರ ಪಂಡಿತರೂ ಗಾಳಗಾರರೂ ಕೂಡಿ ಅಂತರರಾಷ್ಟ್ರೀಯ ಸಂಸ್ಥೆಯೊಂದನ್ನು ಕಟ್ಟಿ, ಯಾವ ಮೀನು ಎಷ್ಟು ತೂಕದ್ದು ಎಷ್ಟು ಬಲದ ದಾರದಿಂದ ಹಿಡಿಯಲ್ಪಟ್ಟಿತೆಂಬ ದಾಖಲೆಗಳನ್ನಿಡತೊಡಗಿದರು.

ದಾರದ ದಪ್ಪಕ್ಕೆ ಮಿತಿಯುಂಟಾಯಿತು. ಆದರೆ ಆಸೆಗೆ ಮಿತಿಯುಂಟಾಯಿತೆ? ನಿಯಮವು ಮೀನನ್ನು ಹಿಡಿಯುವ ರೀತಿಯನ್ನು ಹೇಳಿತೇ ಹೊರತು, ಎಷ್ಟು ಸಾಕೆಂಬುದನ್ನು ಹೇಳಲಿಲ್ಲ. ತಿನ್ನುವುದಕ್ಕಲ್ಲದ ಟಾರ್ಪನ್ ಮೀನುಗಳನ್ನು ಧಕ್ಕೆಗೆ ತಂದು, ತೂಗುಹಾಕಿ, ಛಾಯಾಚಿತ್ರ ತೆಗೆಯಿಸಿ, ಆಮೇಲೆ ಕಡಲಿಗೇ ಎಸೆಯುವುದು ಬಹುಕಾಲ ನಡೆಯಿತು. ದಾಖಲೆಗೆ ದೊಡ್ಡ ಮೀನೇ ಬೇಕು; ದೊಡ್ಡ ಮೀನೆಂದರೆ ಮೊಟ್ಟೆ ಹೇರಳವಾಗಿ ಇಡತಕ್ಕ ಹೆಮ್ಮೀನು. ಹೀಗೆ ವಿನೋದವು ಮೆಲ್ಲಮೆಲ್ಲನೆ ವ್ಯಸನದ ಗೆರೆಯನ್ನು ದಾಟಿತು. ಜಿಹ್ವಾಚಾಪಲ್ಯದಿಂದ ಕೆಡುವುದಕ್ಕೆ ಬಡಿಶವನ್ನು, ಎಂದರೆ ಗಾಳವನ್ನು ಕಚ್ಚಿದ ಮೀನನ್ನು ದೃಷ್ಟಾಂತವಾಗಿ ಹೇಳುವುದು ನೀತಿಗ್ರಂಥಗಳ ವಾಡಿಕೆ. ಆದರೆ ಇಲ್ಲಿ ಸಿಕ್ಕಿಬಿದ್ದವನು ಕೋಲು ಹಿಡಿದವನೇ.

ಇದರ ಫಲವೇನಾಯಿತೆಂಬುದಕ್ಕೆ ಬರಿಯ ವೃದ್ಧರ ನೆನಪುಗಳಲ್ಲ, ಗಟ್ಟಿಯಾದ ಆಧಾರವಿದೆ. ತೆಂಕಣ ದ್ವೀಪಮಾಲೆಯ ಕೊನೆಯ ಊರಾದ ಕೀ ವೆಸ್ಟಿನಲ್ಲಿ, ದಿನವೂ ಅತಿಥಿಗಳನ್ನು ಕಡಲಿಗೆ ಕೊಂಡೊಯ್ಯುವ ದೋಣಿಗಳು ಸಂಜೆ ಧಕ್ಕೆಗೆ ಮರಳಿದಾಗ, ಹಿಡಿದ ಮೀನುಗಳನ್ನು ಹಲಗೆಗೆ ತೂಗುಹಾಕಿ ಅದರ ಮುಂದೆ ಅತಿಥಿಗಳನ್ನು ನಿಲ್ಲಿಸಿ ಛಾಯಾಚಿತ್ರ ತೆಗೆಯುತ್ತಿದ್ದರು. ಲಾರೆನ್ ಮೆಕ್ಲೆನಕನ್ ಎಂಬ ವಿದುಷಿಯು ೧೯೫೬ರಿಂದ ಮೊದಲ್ಗೊಂಡು ಇಂಥ ಹಳೆಯ ಚಿತ್ರಗಳನ್ನು ಪರಿಶೀಲಿಸಿ, ೨೦೦೭ರಲ್ಲಿ ಅದೇ ಧಕ್ಕೆಯ ಮೀನುಗಳೊಡನೆ ಹೋಲಿಸಿ, ೨೦೦೯ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೊದಲ ಕಾಲದಲ್ಲಿ ಹಲಗೆಯ ಮೇಲಿನ ಮೀನಿನ ಸರಾಸರಿ ತೂಕವು ಸುಮಾರು ೧೯.೯ ಕಿಲೋಗ್ರಾಂ, ೨೦೦೭ರಲ್ಲಿ ಅದು ೨.೩ ಕಿಲೋಗ್ರಾಂ. ಮೊದಲಿನ ಚಿತ್ರಗಳಲ್ಲಿ ಮನುಷ್ಯನಿಗಿಂತ ದೊಡ್ಡದಾದ ಮೀನುಗಳು ನೇತಾಡುತ್ತಿದ್ದರೆ, ಕೊನೆಯವುಗಳಲ್ಲಿ ಮೊಳದುದ್ದದ ಮೀನುಗಳು ಸಾಲುಗಟ್ಟಿವೆ. ಇನ್ನೊಂದು ವಿಷಯವು ಇದಕ್ಕಿಂತಲೂ ವಿಚಾರಾರ್ಹವಾದುದು. ಹಣದ ಬೆಲೆಯ ಏರಿಳಿತವನ್ನು ಕಳೆದು ನೋಡಿದರೆ, ಒಂದು ದಿನದ ಪಯಣಕ್ಕೆ ಅತಿಥಿಗಳು ಕೊಡುವ ಬಾಡಿಗೆ ಕಡಮೆಯಾಗಿರಲಿಲ್ಲ. ಚಿತ್ರಗಳಲ್ಲಿ ಅವರ ಮುಖದ ನಗುವೂ ಕುಂದಿರಲಿಲ್ಲ. ಮೊಮ್ಮಗನು ತಾನು ಹಿಡಿದ ಚಿಕ್ಕ ಮೀನನ್ನೇ ದೊಡ್ಡದೆಂದು ಬಗೆದನು, ಅಜ್ಜನು ಹಿಡಿದುದನ್ನು ಅವನು ಕಂಡಿರಲಿಲ್ಲವಾದ್ದರಿಂದ. ಸಮುದ್ರವು ಬರಿದಾಗುವುದು ಒಂದು ತಲೆಮಾರಿನ ಕಣ್ಣಿಗೆ ಬೀಳುವುದಿಲ್ಲ. ಇತಿಹಾಸದ ಅವಶ್ಯಕತೆ ಇರುವುದು ಇಂಥಲ್ಲಿಯೇ.

ಟೆಕ್ಸಸ್ ಕರೆಯಲ್ಲಂತೂ ಟಾರ್ಪನ್ ಮೀನು ೧೯೬೦ರ ದಶಕದ ಹೊತ್ತಿಗೆ ಬಹುಮಟ್ಟಿಗೆ ಕಾಣದಾಯಿತು. ಹೊಳೆಗಳಿಗೆ ಕಟ್ಟಿದ ಅಣೆಕಟ್ಟುಗಳು, ನೀರಿನ ಕೊಳಕು, ಮಿತಿಮೀರಿದ ಬೇಟೆ ಮುಂತಾಗಿ ಕಾರಣಗಳು ಹಲವು. ಎಲ್ಲ ತಪ್ಪನ್ನೂ ಗಾಳದ ಮೇಲೆ ಹೊರಿಸಲಾಗದು. ಪೋರ್ಟ್ ಅರಾನ್ಸಸ್ ಊರಿಗೆ ಒಂದು ಕಾಲಕ್ಕೆ ಟಾರ್ಪನ್ ಎಂಬುದೇ ಹೆಸರಾಗಿದ್ದಿತು. ಆ ಹೆಸರೂ ಹೋಯಿತು, ಮೀನೂ ವಿರಳವಾಯಿತು. ತಂಗುಮನೆಯ ಗೋಡೆಯ ಮೇಲೆ ಹುರುಪೆಗಳು ಮಾತ್ರ ಉಳಿದುವು.

೫

ವ್ಯಸನವನ್ನು ಮತ್ತೆ ವಿನೋದವನ್ನಾಗಿಸುವ ಪ್ರಯತ್ನವು ಬಹಳ ನಿಧಾನವಾಗಿ ನಡೆಯಿತು. ೧೯೫೪ರಲ್ಲಿ ಫ್ರಾಂಕ್ ಮೇದರ್ ಎಂಬ ವಿಜ್ಞಾನಿಯು ಗಾಳಗಾರರ ಕೈಗೆ ಸಣ್ಣ ಗುರುತುಚೀಟಿಗಳನ್ನು ಕೊಟ್ಟು, ಹಿಡಿದ ಮೀನಿಗೆ ಅದನ್ನು ಚುಚ್ಚಿ ಕಡಲಿಗೆ ಮರಳಿಬಿಡುವಂತೆ ಬೇಡಿಕೊಂಡನು. ಆ ಮೀನು ಮತ್ತೆಲ್ಲಿಯಾದರೂ ಸಿಕ್ಕಿದಾಗ ಅದು ಸಂಚರಿಸಿದ ದೂರವೂ ಬೆಳೆದ ಪ್ರಮಾಣವೂ ತಿಳಿಯುವುದು. ಹಿಡಿದವನಿಗೆ ಸಂತೋಷ, ಶಾಸ್ತ್ರಕ್ಕೆ ಜ್ಞಾನ, ಮೀನಿಗೆ ಪ್ರಾಣ ಎಂಬ ಮೂರು ಪ್ರಯೋಜನಗಳು ಇದರಿಂದಾದುವು. ಟಾರ್ಪನ್ ಮೀನಿನ ವಿಷಯದಲ್ಲಿ ಫ್ಲಾರಿಡಾ ಸರಕಾರವು ೧೯೮೯ರಲ್ಲಿ, ಅದನ್ನು ಇಟ್ಟುಕೊಳ್ಳಬೇಕೆನ್ನುವವರು ೫೦ ಡಾಲರು ಕೊಟ್ಟು ಪರವಾನಗಿಯ ಚೀಟಿಯನ್ನು ಪಡೆಯಬೇಕೆಂದು ವಿಧಿಸಿತು. ೨೦೧೩ರ ಸೆಪ್ಟೆಂಬರಿನಿಂದ, ದಾಖಲೆಗಾಗಿ ಚೀಟಿ ಪಡೆದವರ ಹೊರತು ಉಳಿದವರೆಲ್ಲರೂ ಹಿಡಿದ ಟಾರ್ಪನ್ನನ್ನು ಬಿಟ್ಟುಬಿಡಲೇಬೇಕೆಂದೂ ೪೦ ಅಂಗುಲಕ್ಕೆ ಮೇಲ್ಪಟ್ಟುದನ್ನು ನೀರಿನಿಂದ ಮೇಲೆತ್ತಕೂಡದೆಂದೂ ನಿಯಮವಾಯಿತು. ಅದೇ ವರ್ಷ, ಬೋಕಾ ಗ್ರಾಂಡೆ ಎಂಬ ಪ್ರಸಿದ್ಧ ಅಳಿವೆಯಲ್ಲಿ ಕೊಕ್ಕೆಯ ಅಡಿಗೆ ಭಾರ ಕಟ್ಟಿದ ಒಂದು ಬಗೆಯ ಗಾಳವನ್ನು ನಿಷೇಧಿಸಿದರು. ಅದು ಮೀನಿನ ಬಾಯಿಗೆ ಬೀಳದೆ ಮೈಗೆ ಸಿಕ್ಕಿಕೊಳ್ಳುತ್ತದೆ, ಅದು ವಿನೋದವಲ್ಲ ಮೋಸ ಎಂಬುದು ಹಳೆಯ ದೋಣಿಗಾರರ ವಾದವಾಗಿತ್ತು.

ಬಿಟ್ಟುಬಿಡುವುದರಲ್ಲಿಯೂ ಸೂಕ್ಷ್ಮವಿದೆ. ತೆಳ್ಳನೆಯ ದಾರದಿಂದ ಬಹಳ ಹೊತ್ತು ಆಡಿಸಿ ಹಿಡಿದರೆ ಗಾಳಗಾರನಿಗೆ ಕೀರ್ತಿ ಹೆಚ್ಚು; ಆದರೆ ಬಸವಳಿದ ಮೀನು ಕೈಬಿಟ್ಟೊಡನೆ ಹೊಂಚಿ ಕಾದ ಶಾರ್ಕು ಮೀನಿಗೆ ತುತ್ತಾಗುತ್ತದೆ. ಬೋಕಾ ಗ್ರಾಂಡೆಯಲ್ಲಿ ಸುತ್ತಿಗೆತಲೆಯ ಮಹಾಶಾರ್ಕುಗಳು ಟ��ರ್ಪನ್ನಿನ ಋತುವಿನಲ್ಲಿ ಇದಕ್ಕಾಗಿಯೇ ಸುಳಿಯುತ್ತವೆ. ಆದುದರಿಂದ ಗಟ್ಟಿಯಾದ ದಾರದಿಂದ ಬೇಗ ಹಿಡಿದು ಬೇಗ ಬಿಡುವುದೇ ದಯೆಯೆಂಬುದನ್ನು ಈಗಿನವರು ಅರಿತಿದ್ದಾರೆ. ತೆಳುದಾರವೇ ಧರ್ಮವೆಂದ ಹಿಂದಿನ ಕಟ್ಟಳೆಯು ಮನುಷ್ಯನ ಕುಶಲತೆಯನ್ನು ಅಳೆಯಿತು; ಈಗಿನದು ಮೀನಿನ ಆಯಾಸವನ್ನು ಅಳೆಯುತ್ತದೆ. ಇದು ಸಣ್ಣ ಬದಲಾವಣೆಯಲ್ಲ.

೬

ಇಷ್ಟಕ್ಕೇ ಕಥೆ ಮುಗಿದಿದ್ದರೆ ವಿನೋದಿಯು ಪಶ್ಚಾತ್ತಾಪಪಟ್ಟು ಒಳ್ಳೆಯವನಾದನೆಂದು ಮಂಗಳ ಹಾಡಬಹುದಾಗಿತ್ತು. ಆದರೆ ಕಡಲ ಮೀನು ಕಡಮೆಯಾದಾಗ ವಿನೋದಿಯ ದೃಷ್ಟಿ ಮೊದಲು ಹೋದುದು ತನ್ನ ಗಾಳದ ಕಡೆಗಲ್ಲ, ಬೆಸ್ತನ ಬಲೆಯ ಕಡೆಗೆ.

ಬಲೆಯು ನಿರ್ದೋಷಿಯೆಂದು ಹೇಳುವಂತಿರಲಿಲ್ಲ. ನಾರಿನ ಬಲೆಯ ಕಾಲ ಹೋಗಿ, ನೀರಿನಲ್ಲಿ ಕಣ್ಣಿಗೆ ಕಾಣದ ನೈಲಾನ್ ಬಲೆ ಬಂದಿತ್ತು. ಮಲೆಟ್ ಮೀನಿನ ಮೊಟ್ಟೆಗೆ ಪೂರ್ವ ಏಷ್ಯದ ಪೇಟೆಗಳಲ್ಲಿ ಬೆಲೆಯೇರಿದ್ದರಿಂದ ಮೊಟ್ಟೆಯಿಡುವ ಕಾಲದಲ್ಲಿಯೇ ಬಲೆಗಳು ಹೆಚ್ಚಿದುವು. ಕೆಂಪುಮೀನೆಂಬ ಇನ್ನೊಂದು ಬಗೆಗೆ ೧೯೮೦ರ ದಶಕದಲ್ಲಿ ಹೋಟೆಲುಗಳಲ್ಲಿ ಹಠಾತ್ತಾಗಿ ಬೇಡಿಕೆ ಹುಟ್ಟಿ, ಕೊಲ್ಲಿಯಲ್ಲಿ ಅದರ ಹಿಂಡುಗಳು ಸೂರೆಯಾಗಿ, ಕೊನೆಗೆ ಅದನ್ನು ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಗಾಳಗಾರರ ಸಂಘಗಳೂ ಅವರ ಪತ್ರಿಕೆಗಳೂ ಇವುಗಳನ್ನೆಲ್ಲ ಜನರ ಮುಂದಿಟ್ಟು ಹುಯಿಲೆಬ್ಬಿಸಿದುವು. ೧೯೯೪ರ ನವೆಂಬರಿನಲ್ಲಿ ಸಂಸ್ಥಾನದ ಸಂವಿಧಾನಕ್ಕೇ ತಿದ್ದುಪಡಿ ತರುವ ಪ್ರಶ್ನೆಯನ್ನು ಜನರ ಮತಕ್ಕೆ ಹಾಕಲಾಯಿತು. ಮೀನಿನ ಕಿವಿರು ಸಿಕ್ಕಿಕೊಳ್ಳುವಂತೆ ನೀರಿನಲ್ಲಿ ನಿಲ್ಲಿಸುವ ಬಲೆಗಳು ಸಂಸ್ಥಾನದ ನೀರಿನಲ್ಲಿ ಎಲ್ಲಿಯೂ ಕೂಡದು. ಕರೆಗೆ ಹತ್ತಿರದ ನೀರಿನಲ್ಲಿ ೫೦೦ ಚದರಡಿಗೆ ಮೀರಿದ ಬೇರೆ ಯಾವ ಬಲೆಯೂ ಕೂಡದು ಎಂಬುದು ಅದರ ಸಾರ. ನೂರಕ್ಕೆ ಸುಮಾರು ಎಪ್ಪತ್ತೆರಡು ಮತಗಳು ಪರವಾಗಿ ಬಿದ್ದುವು. ೧೯೯೫ರ ಜುಲೈ ೧ರಿಂದ ಬಲೆಗಳು ನೀರಿನಿಂದ ಮೇಲೆ ಬಂದುವು. ಸರಕಾರವು ಹಣಕೊಟ್ಟು ಬಲೆಗಳನ್ನು ಕೊಂಡುಕೊಂಡಿತು.

ಕಾರ್ಟೆಜ್ ಹಳ್ಳಿಯಲ್ಲಿ ಮೂರು ನಾಲ್ಕು ತಲೆಮಾರುಗಳಿಂದ ನಡೆದುಬಂದ ಕಸುಬು ಆ ದಿನ ಮುರಿದುಬಿತ್ತು. ಕೆಲವರು ನಿಯಮಕ್ಕೆ ಒಳಪಟ್ಟ ಚಿಕ್ಕ ಬೀಸುಬಲೆಯನ್ನು ಹಿಡಿದರು. ಕೆಲವರು ಏಡಿಯ ಬೋನುಗಳಿಗೆ ತಿರುಗಿದರು. ಕೆಲವರು ಕಡಲನ್ನೇ ಬಿಟ್ಟು ಕೂಲಿಗೆ ಹೋದರು. ವಿಚಿತ್ರವೆಂದರೆ, ಅದೇ ೧೯೯೫ರಲ್ಲಿಯೇ ಆ ಹಳ್ಳಿಯು ಐತಿಹಾಸಿಕ ಸ್ಥಳವೆಂದು ರಾಷ್ಟ್ರದ ಪಟ್ಟಿಯಲ್ಲಿ ಸೇರಿತು. ೧೯೧೨ರಲ್ಲಿ ಕಟ್ಟಿದ ಅಲ್ಲಿಯ ಶಾಲೆಯ ಕಟ್ಟಡದಲ್ಲಿ ಮುಂದೆ ಕಡಲಬಾಳಿನ ವಸ್ತುಸಂಗ್ರಹಾಲಯವೂ ಆಯಿತು. ಬಾಳಿನ ಬಲೆಯನ್ನು ಕಸಿದುಕೊಂಡು ಗೋಡೆಯ ಬಲೆಗೆ ಗೌರವ ಸಲ್ಲಿಸುವುದು ಲೋಕದ ವಾಡಿಕೆಯಾಗಿದೆ.

ಕನ್ನಡ ಕರಾವಳಿಯ ಅನುಭವವು ಇದಕ್ಕಿಂತ ಭಿನ್ನ. ಅಲ್ಲಿ ಊರಿಗೆ ಊರೇ ಸೇರಿ ಎಳೆಯುತ್ತಿದ್ದ ರಂಪಣಿ ಬಲೆಯು ೧೯೭೦ರ ದಶಕದಿಂದೀಚೆಗೆ ಪರ್ಸೀನ್ ದೋಣಿಗಳ ದೊಡ್ಡ ಬಲೆಯೆದುರು ಮೂಲೆಗೆ ಬಿತ್ತು. ಒಂದೆಡೆ ಬಲೆಯನ್ನು ಸೋಲಿಸಿದುದು ದೊಡ್ಡ ಬಲೆ, ಇನ್ನೊಂದೆಡೆ ಸಣ್ಣ ಗಾಳ. ಆದರೆ ದಡದಲ್ಲಿ ಕೈಕಟ್ಟಿ ನಿಂತವನ ದುಃಖವು ಎರಡೆಡೆಯಲ್ಲಿಯೂ ಒಂದೇ.

ಬಲೆ ಹೋದ ಬಳಿಕ ಫ್ಲಾರಿಡಾದಲ್ಲಿ ಮಲೆಟ್ ಮೀನು ಹೆಚ್ಚಿತೆಂಬುದು ನಿಜ. ಅದರಿಂದ ಅದನ್ನು ತಿಂದು ಬದುಕುವ ದೊಡ್ಡ ಮೀನುಗಳಿಗೂ ಒಳಿತಾಗದೆ ಹೋಗದು. ಹಾಗಾದರೆ ಆ ಮತವು ನ್ಯಾಯವೋ ಅನ್ಯಾಯವೋ? ಒಂದೇ ಮಾತಿನಲ್ಲಿ ತೀರ್ಪು ಹೇಳುವುದು ಸುಲಭವಲ್ಲ. ಆದರೆ ತೇದಿಗಳನ್ನು ಜೊತೆಗಿಟ್ಟು ನೋಡಬಹುದು. ಹೊಟ್ಟೆಪಾಡಿನ ಬಲೆಗೆ ನಿಷೇಧವು ಬಂದುದು ೧೯೯೫ರಲ್ಲಿ. ತಿನ್ನದ ಮೀನನ್ನು ಕೊಲ್ಲಬಾರದೆಂಬ ನಿಯಮವು ವಿನೋದದ ಗಾಳಕ್ಕೆ ಬಂದುದು ೨೦೧೩ರಲ್ಲಿ. ನಡುವೆ ಹದಿನೆಂಟು ವರ್ಷಗಳು. ಹೆಚ್ಚು ಜನರಿದ್ದವರು, ಹೆಚ್ಚು ಹಣವಿದ್ದವರು, ಬರೆಯಲು ಪತ್ರಿಕೆಗಳಿದ್ದವರು ತಮ್ಮ ವಿನೋದಕ್ಕೆ ಬೇಕಾದ ಮೀನನ್ನು ಮೊದಲು ಇನ್ನೊಬ್ಬನ ಕೈಯಿಂದ ಬಿಡಿಸಿದರು. ಆಮೇಲೆ ತಮ್ಮ ಕೈಯಿಂದ ಬಿಟ್ಟರು.

ಸೋಮೇಶ್ವರನು ಮತ್ಸ್ಯವಿನೋದವನ್ನು ಬರೆದಾಗ ಅವನ ಮುಂದೆ ಈ ಪ್ರಶ್ನೆ ಇರಲಿಲ್ಲ. ಅರಸನೊಬ್ಬನು ಕೊಳದ ದಡದಲ್ಲಿ ಕುಳಿತು ಹಿಡಿಯುವ ಮೀನಿನಿಂದ ಯಾವ ಬೆಸ್ತನ ಒಲೆಯೂ ಆರುತ್ತಿರಲಿಲ್ಲ. ವಿನೋದವು ಲಕ್ಷೋಪಲಕ್ಷ ಜನರ ಹಕ್ಕಾದಾಗ ಮಾತ್ರ ಅದು ವೃತ್ತಿಯೊಡನೆ ಒಂದೇ ನೀರಿಗಾಗಿ ಸೆಣಸಬೇಕಾಗುತ್ತದೆ. ವಿನೋದವನ್ನು ವ್ಯಸನದಿಂದ ಬೇರ್ಪಡಿಸುವುದು ಮಿತಿ. ಆ ಮಿತಿಯನ್ನು ಮೊದಲು ಯಾರು ಹೊರಬೇಕೆಂಬುದೇ ಮೂಲಪ್ರಶ್ನೆ. ಬಿಟ್ಟರೂ ಬದುಕಬಲ್ಲವನು ಮೊದಲು ಬಿಡುವುದು, ಬಿಟ್ಟರೆ ಬದುಕಲಾರದವನು ಆಮೇಲೆ ಬಿಡುವುದು ನ್ಯಾಯವಾದ ಕ್ರಮ. ಫ್ಲಾರಿಡಾದಲ್ಲಿ ಆ ಕ್ರಮವು ತಲೆಕೆಳಗಾಯಿತು. ಶಾಕುಂತಲದ ಬೆಸ್ತನಾದರೂ ಪುಣ್ಯವಂತನು. ಉಂಗುರದ ನಿಜವು ತಿಳಿದ ಬಳಿಕ ಅರಸನು ಅವನಿಗೆ ಉಂಗುರದ ಬೆಲೆಯಷ್ಟು ಪಾರಿತೋಷಕವನ್ನು ಕೊಟ್ಟು ಮನೆಗೆ ಕಳುಹಿಸಿದನು. ಕಾರ್ಟೆಜಿನವರಿಗೆ ದೊರೆತುದು ಬಲೆಯ ಬೆಲೆ ಮಾತ್ರ. ಕಡಲಿನ ಬೆಲೆಯನ್ನು ಕಟ್ಟಿಕೊಟ್ಟವರು ಯಾರೂ ಇಲ್ಲ.